ಟಾರು ಕಾಣದ ಬಿಳಿಯ ದಾರಿಗಳು

ಊರಿಗೆ ಟಾರು ರಸ್ತೆ ಬಂದಿತೆಂದರೆ ಊರು ಮುಂದಕ್ಕೆ ಬಂದಿತೆಂದು ನಾವು ಸಂತೋಷಪಡುತ್ತೇವೆ. ಬರಲಿಲ್ಲವೆಂದರೆ ಅರ್ಜಿ ಬರೆಯುತ್ತೇವೆ, ಶಾಸಕರ ಮನೆಯ ಬಾಗಿಲು ತಟ್ಟುತ್ತೇವೆ. ಇದು ಸಹಜ, ನ್ಯಾಯವೂ ಹೌದು. ಆದರೆ "ನಮ್ಮ ದಾರಿಗೆ ದಯವಿಟ್ಟು ಟಾರು ಹಾಕಬೇಡಿ" ಎಂದು ಕೇಳಿಕೊಂಡವರೂ ಇದ್ದಾರೆ. ಹಾಗೆ ಕೇಳಿಕೊಳ್ಳುವುದಕ್ಕಾಗಿಯೇ ಹಳೆಯ ಸೈಕಲ್ಲುಗಳನ್ನೇರಿ ಇಡೀ ದಿನ ಬೆಟ್ಟ ಹತ್ತಿ ಇಳಿದಿದ್ದಾರೆ ಎಂದರೆ ನಿಮಗೆ ನಗು ಬರಬಹುದು. ಇದು ಇಟಲಿ ದೇಶದ ಟಸ್ಕನಿ ಪ್ರಾಂತದಲ್ಲಿ ನಡೆದ ಸಂಗತಿ. ಆ ದಾರಿಗಳು ಎಂಥವು, ಅವುಗಳ ಮೇಲೆ ಸೈಕಲ್ ಸವಾರಿ ಮಾಡುವುದು ಹೇಗೆ, ಅವು ಉಳಿದದ್ದು ಹೇಗೆ, ಅದರಿಂದ ನಾವು ಕಲಿಯಬೇಕಾದದ್ದು ಏನಾದರೂ ಉಂಟೆ—ಇಷ್ಟನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ಸ್ಥಳದ ಪರಿಚಯ. ಇಟಲಿಯ ನಡುಭಾಗದಲ್ಲಿ ಫ್ಲಾರೆನ್ಸ್ ಮತ್ತು ಸಿಯೆನಾ ಎಂಬ ಎರಡು ಹಳೆಯ ನಗರಗಳಿವೆ. ಒಂದರಿಂದ ಇನ್ನೊಂದಕ್ಕೆ ಸುಮಾರು 70 ಕಿಲೋಮೀಟರ್ ದೂರ. ಇವೆರಡರ ನಡುವೆ ಅಲೆಯ ಮೇಲೆ ಅಲೆ ಬಂದಂತೆ ಹಬ್ಬಿರುವ ಗುಡ್ಡಗಾಡಿಗೆ ಕಿಯಾಂಟಿ ಎಂದು ಹೆಸರು. ಬೆಟ್ಟಗಳು ಭಾರಿ ಎತ್ತರವೇನಲ್ಲ. ಎಲ್ಲಕ್ಕಿಂತ ಎತ್ತರದ ಶಿಖರವೂ 900 ಮೀಟರನ್ನು ಮುಟ್ಟುವುದಿಲ್ಲ. ಆದರೆ ಸಮತಟ್ಟು ಎಂಬ ಮಾತೇ ಅಲ್ಲಿಲ್ಲ. ಒಂದು ದಿಣ್ಣೆ ಹತ್ತಿ ಉಸಿರು ಬಿಡುವಷ್ಟರಲ್ಲಿ ಇಳಿಜಾರು. ಇಳಿದು ಹಳ್ಳ ದಾಟುವಷ್ಟರಲ್ಲಿ ಮತ್ತೊಂದು ದಿಣ್ಣೆ. ದ್ರಾಕ್ಷಿಯ ತೋಟಗಳಿಗೂ ದ್ರಾಕ್ಷಾರಸಕ್ಕೂ ಲೋಕಪ್ರಸಿದ್ಧವಾದ ಸೀಮೆ ಇದು. ಹಾಗಿದ್ದರೂ ಗಾಯೋಲೆ, ರಾದ್ದಾ ಎಂಬ ಊರುಗಳ ಸುತ್ತ ತೋಟಕ್ಕಿಂತ ಕಾಡೇ ಹೆಚ್ಚು. ತಗ್ಗಿನಲ್ಲಿ ಓಕ್ ಮರಗಳು, ಮೇಲೆ ಹೋದಂತೆ ಚೆಸ್ಟ್‌ನಟ್ ಮರಗಳು. ಹಿಂದೆ ಈ ಕಾಡುಗಳಲ್ಲಿ ಮರ ಕಡಿದು ಇದ್ದಿಲು ಸುಡುವವರು ಬೀಡು ಬಿಡುತ್ತಿದ್ದರು. ಇಂದು ಅಲ್ಲಿ ಕಾಡುಹಂದಿ, ಮುಳ್ಳುಹಂದಿ, ಸಣ್ಣ ಜಾತಿಯ ಜಿಂಕೆಗಳು ವಾಸವಾಗಿವೆ.

ಈ ಕಾಡು ತೋಟಗಳ ನಡುವೆ ಹಾದುಹೋಗುವ ಜಲ್ಲಿ ದಾರಿಗಳನ್ನು ಅಲ್ಲಿಯವರು 'ಸ್ತ್ರಾದೆ ಬಿಯಾಂಕೆ' ಎನ್ನುತ್ತಾರೆ. ಹಾಗೆಂದರೆ ಬಿಳಿಯ ದಾರಿಗಳು. ಅಲ್ಲಿಯ ನೆಲದಲ್ಲಿ ಸಿಗುವುದು ಬಿಳಿಚು ಬಣ್ಣದ ಸುಣ್ಣಕಲ್ಲು. ಅದನ್ನೇ ಒಡೆದು ದಾರಿಗೆ ಹಾಸಿದ್ದಾರೆ. ಅದರಿಂದಲೇ ಮನೆ ಕಟ್ಟಿದ್ದಾರೆ, ತೋಟದ ಗೋಡೆ ಎಬ್ಬಿಸಿದ್ದಾರೆ. ಹೀಗಾಗಿ ಊರು, ಗೋಡೆ, ದಾರಿ ಮೂರೂ ಒಂದೇ ಬಣ್ಣ. ಎರಡೂ ಕಡೆ ಸೈಪ್ರೆಸ್ ಮರಗಳು ಕಂಬ ನಿಲ್ಲಿಸಿದಂತೆ ನಿಂತಿರುತ್ತವೆ. ಬೇಸಗೆಯಲ್ಲಿ ಈ ದಾರಿಯ ದೂಳು ಹಿಟ್ಟಿನಂತೆ ಮೇಲೇಳುತ್ತದೆ. ಸವಾರರು ಸಂಜೆಗೆ ಊರು ಸೇರುವಾಗ ಗಿರಣಿಯಿಂದ ಬಂದವರಂತೆ ಕಾಣುತ್ತಾರೆ.

ಈಗ ಜಲ್ಲಿ ದಾರಿ ಎಂಬುದನ್ನು ಸ್ವಲ್ಪ ವಿಚಾರಿಸೋಣ. ಅದು ಕೆಟ್ಟ ರಸ್ತೆಯಲ್ಲ. ಒಂದು ಕಾಲಕ್ಕೆ ಅದೇ ಉತ್ತಮ ರಸ್ತೆ. ಸ್ಕಾಟ್ಲೆಂಡಿನ ಜಾನ್ ಲೌಡನ್ ಮಕಾಡಂ ಎಂಬಾತ (1756–1836) ಒಂದು ಸರಳವಾದ ತತ್ವವನ್ನು ತೋರಿಸಿಕೊಟ್ಟ. ಭಾರ ಹೊರುವುದು ಮೇಲಿನ ಕಲ್ಲಲ್ಲ, ಕೆಳಗಿನ ಒಣನೆಲ; ಆ ನೆಲಕ್ಕೆ ನೀರು ಇಳಿಯದಂತೆ ನೋಡಿಕೊಂಡರೆ ಸಾಕು, ಎಂಬುದೇ ಆ ತತ್ವ. ಸಣ್ಣಗೆ ಒಡೆದ ಜಲ್ಲಿಯನ್ನು ಪದರಪದರವಾಗಿ ಹಾಸಬೇಕು, ನಡುವೆ ತುಸು ಉಬ್ಬು ಕೊಡಬೇಕು, ಎರಡು ಬದಿಗೂ ಚರಂಡಿ ತೋಡಬೇಕು. ಬಾಯಲ್ಲಿ ಹಿಡಿಸದಷ್ಟು ದೊಡ್ಡ ಕಲ್ಲು ರಸ್ತೆಗೆ ಬರಬಾರದು ಎಂಬುದು ಅವನ ಕೆಲಸಗಾರರ ಅಳತೆಯಾಗಿತ್ತಂತೆ. ಗಾಡಿಯ ಕಬ್ಬಿಣದ ಪಟ್ಟಿ ಉರುಳಿದಂತೆ ಕಲ್ಲಿನ ಮೂಲೆಗಳು ಅರೆದು ಪುಡಿಯಾಗುತ್ತಿದ್ದವು. ಮಳೆ ಬಂದಾಗ ಆ ಪುಡಿ ಸಂದುಗಳಿಗೆ ಇಳಿದು ಗಾರೆಯಂತೆ ಕಚ್ಚಿಕೊಳ್ಳುತ್ತಿತ್ತು. ಹೀಗೆ ಗಾಡಿ ಓಡಿದಷ್ಟೂ ರಸ್ತೆ ಗಟ್ಟಿಯಾಗುತ್ತಿತ್ತು.

ಈ ಏರ್ಪಾಟನ್ನು ಕೆಡಿಸಿದ್ದು ಮೋಟಾರು ಗಾಡಿ. ವೇಗವಾಗಿ ಓಡುವ ರಬ್ಬರಿನ ಚಕ್ರ ಕಲ್ಲನ್ನು ಅರೆಯುವುದಿಲ್ಲ. ಸಂದಿನಲ್ಲಿದ್ದ ಪುಡಿಯನ್ನು ಹೀರಿ ಮೇಲಕ್ಕೆ ಎಸೆಯುತ್ತದೆ. ಪುಡಿ ಹೋದ ಮೇಲೆ ಜಲ್ಲಿ ಸಡಿಲವಾಗುತ್ತದೆ, ಊರಿಗೆಲ್ಲ ದೂಳು ಕವಿಯುತ್ತದೆ. 1902ರಲ್ಲಿ ಮೊನಾಕೊದಲ್ಲಿ ಗುಲ್ಯೆಲ್ಮಿನೆತ್ತಿ ಎಂಬ ಸ್ವಿಸ್ ವೈದ್ಯ ರಸ್ತೆಗೆ ಟಾರು ಬಳಿಸಿ ನೋಡಿದ್ದು ದೂಳನ್ನು ಅಡಗಿಸುವುದಕ್ಕಾಗಿ. ಟಾರು ಬಂದದ್ದು ಮೋಟಾರಿನ ಸಲುವಾಗಿ ಎಂಬುದು ಇದರಿಂದ ತಿಳಿಯುತ್ತದೆ. ಕಾಲುನಡಿಗೆಯವನಿಗಾಗಲಿ, ಎತ್ತಿಗಾಗಲಿ, ಸೈಕಲ್ಲಿಗಾಗಲಿ ಚೆನ್ನಾಗಿಟ್ಟ ಜಲ್ಲಿ ದಾರಿ ಸಾಕು.

ಇಲ್ಲಿ ಒಂದು ತಮಾಷೆಯಿದೆ. ಒಳ್ಳೆಯ ರಸ್ತೆ ಬೇಕೆಂದು ಮೊದಲು ಗಲಾಟೆ ಎಬ್ಬಿಸಿದವರೂ ಸೈಕಲ್ ಸವಾರರೇ. ಅಮೆರಿಕದಲ್ಲಿ 1880ರಲ್ಲಿ ಹುಟ್ಟಿದ ಸೈಕಲ್ ಸವಾರರ ಸಂಘವು 1892ರಲ್ಲಿ 'ಗುಡ್ ರೋಡ್ಸ್' ಎಂಬ ಪತ್ರಿಕೆಯನ್ನೇ ಹೊರಡಿಸಿತು. ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟೈರನ್ನು ಮಾಡಿಕೊಟ್ಟ ಮೇಲಂತೂ ಸವಾರರ ಸಂಖ್ಯೆ ಬೆಳೆಯಿತು, ಅವರ ದನಿಯೂ ಬೆಳೆಯಿತು. ರಸ್ತೆಗಳು ಒಳ್ಳೆಯವಾದವು. ಆಮೇಲೆ ಅವುಗಳ ತುಂಬ ಮೋಟಾರುಗಳು ತುಂಬಿಕೊಂಡವು. ಕೇಳಿ ಪಡೆದವನಿಗೇ ಜಾಗವಿಲ್ಲವಾಯಿತು. ಇಂದು ಅನೇಕ ದೇಶಗಳಲ್ಲಿ ಸವಾರರು ಟಾರು ಬಿಟ್ಟು ಜಲ್ಲಿ ದಾರಿಗಳನ್ನು ಹುಡುಕಿಕೊಂಡು ಹೋಗುತ್ತಿರುವುದಕ್ಕೆ ಇದೇ ಮುಖ್ಯ ಕಾರಣ. ಅದಕ್ಕೆಂದೇ 'ಗ್ರಾವೆಲ್ ಸೈಕಲ್' ಎಂಬ ಹೊಸ ಜಾತಿಯೊಂದು ಬಂದಿದೆ. 2022ರಲ್ಲಿ ಜಲ್ಲಿ ದಾರಿಯ ಮೊದಲ ವಿಶ್ವ ಚಾಂಪಿಯನ್ ಪಂದ್ಯಗಳೂ ಇಟಲಿಯಲ್ಲೇ ನಡೆದವು.

ಮತ್ತೆ ಕಿಯಾಂಟಿಗೆ ಬರೋಣ. ಯೂರೋಪಿನ ಬಹುಪಾಲು ದಾರಿಗಳು ಟಾರು ಹೊದ್ದಾಗ ಇಲ್ಲಿಯವು ಹೇಗೆ ತಪ್ಪಿಸಿಕೊಂಡವು? ಕಾರಣ ಸಂತೋಷದ್ದಲ್ಲ. ಆ ಸೀಮೆಯಲ್ಲಿ ನೂರಾರು ವರ್ಷ ಅರ್ಧ ಪಾಲಿನ ಗೇಣಿ ನಡೆದುಬಂದಿತ್ತು. ಗುಡ್ಡಕ್ಕೊಂದು ಒಂಟಿ ಮನೆ. ಅದರಲ್ಲಿ ಒಕ್ಕಲಿನ ಒಂದು ದೊಡ್ಡ ಕುಟುಂಬ. ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ, ಅರ್ಧ ಒಕ್ಕಲಿಗೆ. ಈ ಒಂಟಿ ಮನೆಗಳನ್ನು ಊರಿಗೂ ಗಿರಣಿಗೂ ಇಗರ್ಜಿಗೂ ಸೇರಿಸುವುದಕ್ಕಾಗಿ ಹುಟ್ಟಿದವೇ ಈ ದಾರಿಗಳು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಒಕ್ಕಲುಗಳು ಗುಂಪುಗುಂಪಾಗಿ ಕಾರ್ಖಾನೆಗಳಿರುವ ಪಟ್ಟಣಗಳಿಗೆ ಹೊರಟುಹೋದರು. 1964ರ ಕಾನೂನು ಅಂಥ ಗೇಣಿಯ ಹೊಸ ಕರಾರುಗಳನ್ನೇ ನಿಷೇಧಿಸಿತು. ಮನೆಗಳು ಬೀಗ ಹಾಕಿಕೊಂಡವು. ಜನರೇ ಇಲ್ಲದ ದಾರಿಗೆ ಟಾರು ಹಾಕುವವರಾರು? ಬಡತನ ಮತ್ತು ವಲಸೆ ಆ ದಾರಿಗಳನ್ನು ಹಾಗೆಯೇ ಬಿಟ್ಟುಹೋದವು.

ಮುಂದೆ ಕಾಲ ತಿರುಗಿತು. ಬೀಗ ಹಾಕಿದ ಮನೆಗಳನ್ನು ಹಣವಂತರು ಕೊಂಡರು, ದ್ರಾಕ್ಷಾರಸದ ವ್ಯಾಪಾರ ಏರಿತು, ಪ್ರವಾಸಿಗರು ಬಂದರು. ಈಗ ಟಾರು ಹಾಕುವುದಕ್ಕೆ ಹಣವೂ ಇತ್ತು, ಕಾರಣವೂ ಇತ್ತು. ಆ ಹೊತ್ತಿನಲ್ಲಿ ಗಾಯೋಲೆಯ ಜಾಂಕಾರ್ಲೊ ಬ್ರೋಚ್ಚಿ ಎಂಬುವರು ಒಂದು ಉಪಾಯ ಹೂಡಿದರು. ದಾರಿಯನ್ನು ಉಳಿಸಿ ಎಂದು ಭಾಷಣ ಮಾಡುವುದಕ್ಕಿಂತ, ಅದರ ಮೇಲೆ ಜನ ಸಂತೋಷವಾಗಿ ಓಡಾಡುವಂತೆ ಮಾಡಿದರೆ ಅದು ತಾನಾಗಿ ಉಳಿಯುತ್ತದೆ ಎಂಬುದು ಅವರ ಲೆಕ್ಕ. 1997ರಲ್ಲಿ ಅವರು 'ಲೆರೋಯಿಕಾ' ಎಂಬ ಸವಾರಿಯನ್ನು ಏರ್ಪಡಿಸಿದರು. ಹೆಸರಿನ ಅರ್ಥ 'ವೀರೋಚಿತವಾದದ್ದು'. ಸೈಕಲ್ ಪಂದ್ಯಗಳು ಜಲ್ಲಿ ದಾರಿಯ ಮೇಲೆಯೇ ನಡೆಯುತ್ತಿದ್ದ ಹಳೆಯ ಕಾಲದ ನೆನಪಿಗಾಗಿ ಆ ಹೆಸರು. ಫ್ಲಾರೆನ್ಸಿನ ಪಕ್ಕದ ಊರಿನವನೇ ಆದ ಜೀನೊ ಬಾರ್ತಾಲಿ ಅಂಥ ದಾರಿಗಳಲ್ಲಿ ಪಳಗಿ 1938ರಲ್ಲಿಯೂ, ಹತ್ತು ವರ್ಷದ ಮೇಲೆ 1948ರಲ್ಲಿಯೂ ಫ್ರಾನ್ಸಿನ ಮಹಾಪಂದ್ಯವನ್ನು ಗೆದ್ದವನು.

ಮೊದಲ ವರ್ಷ ಸೇರಿದವರು 92 ಮಂದಿ. ಈಗ ಪ್ರತಿ ವರ್ಷ ಅಕ್ಟೋಬರ್ ತಿಂಗಳ ಮೊದಲ ಭಾನುವಾರದ ಸುಮಾರಿಗೆ ಲೋಕದ ನಾನಾ ಕಡೆಗಳಿಂದ ಸಾವಿರಾರು ಜನ ಗಾಯೋಲೆಗೆ ಬರುತ್ತಾರೆ. ನಿಯಮಗಳು ವಿನೋದವಾಗಿವೆ. ಸೈಕಲ್ಲು 1987ಕ್ಕೆ ಹಿಂದಿನದಾಗಿರಬೇಕು ಇಲ್ಲವೆ ಹಳೆಯ ಮಾದರಿಯದಾಗಿರಬೇಕು. ಬ್ರೇಕಿನ ತಂತಿ ಹೊರಗೆ ಕಾಣುತ್ತಿರಬೇಕು. ಪೆಡಲಿಗೆ ಚರ್ಮದ ಪಟ್ಟಿ ಇರಬೇಕು. ಉಡುಪೂ ಹಳೆಯ ಕಾಲದ ಉಣ್ಣೆಯದೇ. ಇದು ಪಂದ್ಯವಲ್ಲ, ಗೆದ್ದವರ ಪಟ್ಟಿ ಇಲ್ಲ. ದಾರಿಯಲ್ಲಿ ಬ್ರೆಡ್ಡು, ಎಣ್ಣೆ, ಗಿಣ್ಣು, ಬ್ರೆಡ್ಡು ತರಕಾರಿ ಹಾಕಿ ಕುದಿಸಿದ ಗಟ್ಟಿ ಸಾರು—ಇವುಗಳ ಉಪಚಾರ. 2007ರಿಂದ ಅದೇ ದಾರಿಗಳ ಮೇಲೆ ವೃತ್ತಿಪರರ ದೊಡ್ಡ ಪಂದ್ಯವೂ ನಡೆಯುತ್ತ ಬಂದಿದೆ. 2015ರಿಂದ ಹೆಂಗಸರಿಗೂ ಬೇರೆಯ ಪಂದ್ಯವಿದೆ. ಸಿಯೆನಾ ನಗರದ ಚಿಪ್ಪಿನಾಕಾರದ ಚೌಕದಲ್ಲಿ ಅದು ಮುಗಿಯುತ್ತದೆ. ಜುಲೈ 2 ಮತ್ತು ಆಗಸ್ಟ್ 16ರಂದು ಕೇರಿಕೇರಿಗಳ ನಡುವೆ ಕುದುರೆ ಪಂದ್ಯ ನಡೆಯುವ ಚೌಕವೂ ಅದೇ. ದೂಳಿನ ದಾರಿಯೆಂದು ಮೂಗು ಮುರಿಯುತ್ತಿದ್ದುದು ಹೀಗೆ ಸೀಮೆಯ ಹೆಮ್ಮೆಯಾಯಿತು.

ನೀವು ಹೋಗಬೇಕೆಂದಿದ್ದರೆ ಅಕ್ಟೋಬರಿನ ಆ ದಿನಕ್ಕೇ ಕಾಯಬೇಕಾಗಿಲ್ಲ. ಸವಾರಿಯ ದಾರಿಗೆ ಉದ್ದಕ್ಕೂ ಕೈಮರಗಳನ್ನು ನೆಟ್ಟಿದ್ದಾರೆ. ವರ್ಷದಲ್ಲಿ ಯಾವಾಗ ಬೇಕಾದರೂ ಹೋಗಬಹುದು. ದೊಡ್ಡ ಸುತ್ತು 209 ಕಿಲೋಮೀಟರ್. ಅದರಲ್ಲಿ ಸುಮಾರು ಅರ್ಧ ಬಿಳಿಯ ದಾರಿ. ಏರಿದ ಏರುಗಳನ್ನೆಲ್ಲ ಕೂಡಿಸಿದರೆ ಮೂರೂವರೆ ಸಾವಿರ ಮೀಟರನ್ನು ಮೀರುತ್ತದೆ. ಗಟ್ಟಿಗರು ಒಂದೇ ದಿನದಲ್ಲಿ ಮುಗಿಸುತ್ತಾರೆ. ನಾವು ನೀವು ಮೂರು ನಾಲ್ಕು ದಿನ ಇಟ್ಟುಕೊಂಡರೆ ಮರ್ಯಾದೆ. ಗಾಯೋಲೆಯಿಂದ ತೆಂಕಣಕ್ಕೆ ಸುಮಾರು ಹತ್ತು ಕಿಲೋಮೀಟರ್ ಹೋದರೆ ಬ್ರೋಲಿಯೊ ಕೋಟೆ. ಇಟಲಿಯ ಎರಡನೆಯ ಪ್ರಧಾನಿ ಬೆತ್ತೀನೊ ರಿಕಾಸೊಲಿಯ ಮನೆತನದ್ದು ಅದು. ಕೋಟೆಗೆ ಏರುವ ಬಿಳಿಯ ದಾರಿಗೆ ಸವಾರಿಯ ದಿನ ನಸುಕಿನಲ್ಲಿ ದೀಪಗಳನ್ನು ಹಚ್ಚಿಡುತ್ತಾರೆ. ಅಲ್ಲಿಂದ ಮುಂದೆ ಸಿಯೆನಾದ ಪಕ್ಕಕ್ಕೆ ಇಳಿದು, ಸುಮಾರು 560 ಮೀಟರ್ ಎತ್ತರದಲ್ಲಿರುವ ಮೊಂತಾಲ್ಚೀನೊ ಊರನ್ನು ಏರಿ, ಅಶಾನೊ ಎಂಬ ಊರಿನ ಮೇಲೆ ಹಿಂದಿರುಗಬೇಕು. ಅಶಾನೊದ ಸುತ್ತ ಕಾಡು ಮುಗಿದು ಬೋಳು ಜೇಡಿಮಣ್ಣಿನ ದಿಬ್ಬಗಳು ಬರುತ್ತವೆ. ಅಲ್ಲಿಯ ಮೊಂತೆ ಸಾಂತೆ ಮಾರಿಯೆ ಎಂಬ ಹನ್ನೊಂದೂವರೆ ಕಿಲೋಮೀಟರಿನ ಬಿಳಿಯ ದಾರಿ ಸವಾರರ ನಡುವೆ ಬಹು ಹೆಸರಾದದ್ದು.

ಇಷ್ಟು ದೂರ ಬೇಡವೆನ್ನುವವರಿಗೆ ಗಾಯೋಲೆ–ರಾದ್ದಾಗಳ ನಡುವಣ ಕಾಡೇ ಸಾಕು. ಎರಡೂ ಊರಿಗೆ ಅಂತರ ಸುಮಾರು ಹತ್ತು ಕಿಲೋಮೀಟರ್. ಗಾಯೋಲೆಯ ಮೇಲಣ ಬೆಟ್ಟದಲ್ಲಿ, ಮರಗಳ ನಡುವೆ, ಹನ್ನೊಂದನೆಯ ಶತಮಾನದ ಕೊಲ್ತಿಬ್ವೋನೊ ಎಂಬ ಮಠವಿದೆ. ಒಂದು ಬೆಳಗಿನ ಹೊತ್ತಿಗೆ ಒಳ್ಳೆಯ ಗುರಿ. ಏಪ್ರಿಲಿನಿಂದ ಜೂನ್ ವರೆಗೆ, ಮತ್ತೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಹವೆ ಹಿತ. ಜುಲೈ ಆಗಸ್ಟಿನಲ್ಲಿ ಬಿಸಿಲು ನಮ್ಮ ರಾಯಚೂರನ್ನು ನೆನಪಿಗೆ ತರುತ್ತದೆ. ಮಧ್ಯಾಹ್ನ ಹಳ್ಳಿಯ ಅಂಗಡಿಗಳು ಬಾಗಿಲೆಳೆಯುವುದರಿಂದ ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಳ್ಳಬೇಕು. ಊರೂರಿಗೂ ಕುಡಿಯುವ ನೀರಿನ ನಲ್ಲಿಯುಂಟು. 'ನಾನ್ ಪೊತಾಬಿಲೆ' ಎಂದು ಬರೆದಿದ್ದರೆ ಮಾತ್ರ ಆ ನೀರು ಕುಡಿಯತಕ್ಕದ್ದಲ್ಲ.

ಇನ್ನು ಸವಾರಿಯ ಮರ್ಮ. ಜಲ್ಲಿಯ ಮೇಲೆ ಮುಖ್ಯವಾದದ್ದು ಟೈರು. ಟೈರಿನಲ್ಲಿ ಗಾಳಿ ಕಲ್ಲಿನಂತೆ ಬಿಗಿಯಾಗಿದ್ದರೆ ಪ್ರತಿಯೊಂದು ಹರಳೂ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆ ಎತ್ತಬೇಕಾಗುತ್ತದೆ. ಆ ಎತ್ತುವ ಶ್ರಮ ನಿಮ್ಮ ಕಾಲಿನಿಂದಲೇ ಬರತಕ್ಕದ್ದು. ಗಾಳಿ ತುಸು ಕಡಿಮೆಯಿದ್ದು ಟೈರು ಅಗಲವಾಗಿದ್ದರೆ, ಹರಳು ಟೈರಿನೊಳಕ್ಕೆ ಒತ್ತಿ ಹಾಗೇ ಹಿಂದೆ ಉಳಿಯುತ್ತದೆ, ನೀವು ಮುಂದೆ ಸಾಗುತ್ತೀರಿ. 70 ಕಿಲೋ ತೂಕದ ಸವಾರನಿಗೆ 40 ಮಿಲಿಮೀಟರ್ ಅಗಲದ ಟೈರಿನಲ್ಲಿ ಚದರ ಅಂಗುಲಕ್ಕೆ 35ರಿಂದ 40 ಪೌಂಡು ಗಾಳಿ ಸಾಕು. ಕುತೂಹಲದ ಮಾತೆಂದರೆ, ನಮ್ಮ ಹಳ್ಳಿಗಳಲ್ಲಿ ಹಾಲು, ಹುಲ್ಲು, ಅಕ್ಕಿಮೂಟೆ ಹೊತ್ತ ಆ ಹಳೆಯ ಕರಿಯ ಸೈಕಲ್ಲಿನ 28 ಇಂಚು, ಒಂದೂವರೆ ಇಂಚಿನ ಟೈರಿನ ಅಗಲವೂ ಹೆಚ್ಚು ಕಡಿಮೆ ಅಷ್ಟೇ. ಗಾಡಿಜಾಡಿಗೆ ಏನು ಬೇಕೆಂಬುದು ಅದನ್ನು ಮಾಡಿದವರಿಗೆ ಗೊತ್ತಿತ್ತು. ಅದರ ಕೊರತೆಗಳು ಎರಡು. ತೂಕ ಸುಮಾರು 20 ಕಿಲೋ. ಗ್ರಾವೆಲ್ ಸೈಕಲ್ಲಿನ ತೂಕ ಅದರ ಅರ್ಧ. ಮತ್ತೆ, ಹಳೆಯ ಸೈಕಲ್ಲಿನಲ್ಲಿ ಪೆಡಲು ಒಂದು ಸುತ್ತು ತಿರುಗಿದರೆ ಹಿಂಚಕ್ರ ಎರಡು ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ಏರಿನಲ್ಲಿ ಅದು ಪ್ರಾಣಸಂಕಟ. ಗ್ರಾವೆಲ್ ಸೈಕಲ್ಲಿನ ಕಡೆಯ ಗೇರಿನಲ್ಲಿ ಹಿಂಚಕ್ರ ತಿರುಗುವುದು ಸುಮಾರು ಒಂದೇ ಸುತ್ತು.

ಏರು ಹತ್ತುವಾಗ ಸೀಟು ಬಿಟ್ಟು ಏಳಬೇಡಿ. ಎದ್ದರೆ ಹಿಂಚಕ್ರದ ಮೇಲಿನ ಭಾರ ತಪ್ಪಿ ಚಕ್ರ ಜಲ್ಲಿಯಲ್ಲಿ ಬರಿದೆ ತಿರುಗುತ್ತದೆ. ಇಳಿಯುವಾಗ ಮೈಯನ್ನು ಹಿಂದಕ್ಕೆ ತನ್ನಿ, ಮೊಣಕೈ ಸಡಿಲವಿರಲಿ. ತಿರುವಿಗೆ ಮುಂಚೆಯೇ ಬ್ರೇಕು ಹಿಡಿದು ವೇಗ ತಗ್ಗಿಸಬೇಕು. ತಿರುವಿನೊಳಗೆ, ಅದರಲ್ಲೂ ಮುಂದಿನ ಬ್ರೇಕು, ಬೇಡವೇ ಬೇಡ. ಮೋಟಾರುಗಳು ಓಡಿದ ಕಡೆ ದಾರಿ ಅಡ್ಡಡ್ಡ ಗೆರೆಗಳಾಗಿ ಅಗಸನ ಹಲಗೆಯಂತೆ ಏಳುತ್ತದೆ. ಅಲ್ಲಿ ಅಂಚು ಹಿಡಿದು ಹೋಗುವುದೇ ಸುಖ. ಮಳೆ ಬಂದ ದಿನ ಬೇರೆಯೇ ಕತೆ. 2010ರ ಮೇ 15ರಂದು ಇಟಲಿಯ ಮಹಾಪಂದ್ಯ ಮಳೆಯಲ್ಲಿ ಈ ದಾರಿಗಳ ಮೇಲೆ ಹಾದು ಮೊಂತಾಲ್ಚೀನೊ ಸೇರಿದಾಗ, ಲೋಕದ ಶ್ರೇಷ್ಠ ಸವಾರರ ಮುಖಗಳೇ ಗುರುತು ಸಿಗದಂತೆ ಕೆಸರಾಗಿದ್ದವು. ಆ ದಿನ ಗೆದ್ದವನು ಆಸ್ಟ್ರೇಲಿಯದ ಕೇಡೆಲ್ ಇವಾನ್ಸ್. ಜೇಡಿಮಣ್ಣು ಚಕ್ರಕ್ಕೆ ಕಚ್ಚಿಕೊಳ್ಳುತ್ತಿದ್ದರೆ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಅವಮಾನವೇನೂ ಇಲ್ಲ.

ದಾರಿಗೆ ತಕ್ಕ ನಡತೆಯೂ ಬೇಕು. ಈ ದಾರಿಗಳು ಜನರ ಹೊಲಮನೆಗಳ ನಡುವೆ ಹೋಗುತ್ತವೆ. ತೆರೆದ ಗೇಟನ್ನು ಮತ್ತೆ ಮುಚ್ಚಬೇಕು. ದ್ರಾಕ್ಷಿ ಕೈಗೆಟುಕಿದರೂ ಕೀಳಬಾರದು. ಮನೆಯ ಮುಂದೆ ನಿಧಾನವಾಗಿ ಹೋಗಬೇಕು. ಚಳಿಗಾಲದ ಆಸುಪಾಸಿನಲ್ಲಿ ಕಾಡುಹಂದಿಯ ಬೇಟೆ ನಡೆಯುತ್ತದೆ. ಬೇಟೆಗಾರರು ಗುಂಪಾಗಿ ಕಾಡನ್ನು ಸುತ್ತುಗಟ್ಟುವುದರಿಂದ, ಎಚ್ಚರಿಕೆಯ ಫಲಕ ಕಂಡರೆ ಆ ದಿನ ಬೇರೆ ದಾರಿ ಹಿಡಿಯುವುದು ಕ್ಷೇಮ.

ಇಲ್ಲಿಗೆ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಆಕ್ಷೇಪಣೆ ಎದ್ದಿರಬೇಕು. ಪಟ್ಟಣದಲ್ಲಿದ್ದು ಟಾರಿನ ಸುಖವನ್ನೆಲ್ಲ ಉಂಡವನು ಭಾನುವಾರ ಬಂದು ಹಳ್ಳಿಯವನಿಗೆ 'ನಿನ್ನ ದಾರಿ ಹೀಗೆಯೇ ಇರಲಿ, ನನಗೆ ಚಂದ' ಎನ್ನಬಹುದೆ? ಖಂಡಿತವಾಗಿ ಅನ್ನಕೂಡದು. ಬಸುರಿಯನ್ನು ಆಸ್ಪತ್ರೆಗೆ ಸಾಗಿಸಬೇಕಾದವನಿಗೆ, ಮಳೆಗಾಲದಲ್ಲಿ ಮಗುವನ್ನು ಸ್ಕೂಲಿಗೆ ಕಳಿಸಬೇಕಾದ ತಾಯಿಗೆ, ಬೆಳೆದ ತರಕಾರಿ ಕೊಳೆಯುವ ಮುಂಚೆ ಮಾರಬೇಕಾದ ರೈತನಿಗೆ ಗಟ್ಟಿ ರಸ್ತೆ ಬೇಕೇ ಬೇಕು. ನಮ್ಮ ದೇಶದಲ್ಲಿ ಗ್ರಾಮ ಸಡಕ್ ಯೋಜನೆ 2000ದಲ್ಲಿ ಆರಂಭವಾದದ್ದು ಈ ಕೆಲಸಕ್ಕಾಗಿಯೇ. ಕಿಯಾಂಟಿಯಲ್ಲೂ ಊರಿನಿಂದ ಊರಿಗೆ ಹೋಗುವ ಮುಖ್ಯ ರಸ್ತೆಗಳು ಟಾರಿನವೇ. ಉಳಿಸಿಕೊಂಡದ್ದು ಅವುಗಳ ಒಳಗಿನ ತೋಟದ ದಾರಿ, ಕಾಡಿನ ದಾರಿಗಳನ್ನು. ಟಾರು ಬೇಕೆ ಬೇಡವೆ ಎಂಬ ಪ್ರಶ್ನೆಯನ್ನು ಒಂದೊಂದು ದಾರಿಗೂ ಬೇರೆಬೇರೆಯಾಗಿ ಕೇಳಬೇಕು. ಉತ್ತರ ಹೇಳುವ ಮೊದಲ ಹಕ್ಕು ಆ ದಾರಿಯಲ್ಲಿ ದಿನವೂ ಓಡಾಡುವವರದು.

ನಮ್ಮ ಮಲೆನಾಡಿನಲ್ಲೂ ಇಂಥ ದಾರಿಗಳಿವೆ. ಬಣ್ಣ ಮಾತ್ರ ಬಿಳುಪಲ್ಲ, ಜಂಬಿಟ್ಟಿಗೆಯ ಕೆಂಪು. ಆದರೆ ಕಿಯಾಂಟಿಯ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತರಲಾಗದು. ಸಿಯೆನಾದ ಸುತ್ತ ವರ್ಷಕ್ಕೆ ಬೀಳುವ ಮಳೆ ಸಾವಿರ ಮಿಲಿಮೀಟರಿಗೂ ಕಡಿಮೆ. ಆಗುಂಬೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು. ಮಕಾಡಂ ಹೇಳಿದ ಚರಂಡಿ ಇಲ್ಲದಿದ್ದರೆ ಒಂದು ಮಳೆಗಾಲಕ್ಕೆ ದಾರಿಯೇ ಹಳ್ಳವಾಗುತ್ತದೆ. ಹೀಗಾಗಿ ನಮ್ಮಲ್ಲಿ ಈ ಸವಾರಿಗೆ ತಕ್ಕ ಕಾಲ ಮಳೆ ಹಿಂದೆಗೆದ ಮೇಲಿನ ತಿಂಗಳುಗಳು. ಕಾಪಿ ತೋಟದ ದಾರಿಗಳು ಖಾಸಗಿಯವು. ಮಾಲೀಕರನ್ನು ಕೇಳಿಯೇ ಹೋಗಬೇಕು. ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಾಲಿಡತಕ್ಕದ್ದಲ್ಲ. ಸಕಲೇಶಪುರ, ಕೊಡಗುಗಳ ಕಡೆ ಆನೆ ಓಡಾಡುವ ದಾರಿಗಳಲ್ಲಿ ನಸುಕು ಮುಸ್ಸಂಜೆಗಳ ಸವಾರಿ ಬೇಡ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗುಗಳಿಂದ ಹರಡುವಂಥದು; ಡಿಸೆಂಬರಿನಿಂದ ಮೇ ವರೆಗೆ ಅದರ ಭಯ ಹೆಚ್ಚು. ಕಾಯಿಲೆ ಕಂಡ ಊರಿನ ಕಾಡಿಗೆ ಹೋಗಬಾರದು. ಬೇರೆಡೆಯಲ್ಲೂ ಮೈತುಂಬ ಬಟ್ಟೆ ತೊಟ್ಟು, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಮೈ ತೊಳೆದು, ಬಟ್ಟೆಯನ್ನೂ ಒಗೆಯಬೇಕು.

ಮಲೆನಾಡು ದೂರವಾಯಿತೆ? ನಿಮ್ಮ ಪಟ್ಟಣದ ಹೊರಗಿನ ಯಾವ ಹಳ್ಳಿಯ ಸರ್ವೆ ನಕ್ಷೆಯನ್ನಾದರೂ ತೆಗೆದು ನೋಡಿ. ಊರಿನಿಂದ ಕೆರೆಗೆ, ಕೆರೆಯಿಂದ ಪಕ್ಕದ ಊರಿಗೆ, ಅಲ್ಲಿಂದ ಗುಡ್ಡದ ಗುಡಿಗೆ ಹೋಗುವ ಬಂಡಿದಾರಿ, ಕಾಲುದಾರಿಗಳು ಅದರಲ್ಲಿ ಚುಕ್ಕಿಗೆರೆಗಳಾಗಿ ಕಾಣುತ್ತವೆ. 'ನಕಾಶೆ ದಾರಿ' ಎಂದು ಹಳ್ಳಿಯವರು ಹೇಳುವುದು ಇವನ್ನೇ. ಆ ಗೆರೆ ಹಿಡಿದು ಹೊರಟರೆ ಕೆಲವು ಕಡೆ ದಾರಿ ಸಿಗುತ್ತದೆ. ಕೆಲವು ಕಡೆ ಲಂಟಾನದ ಪೊದೆ ಸಿಗುತ್ತದೆ. ಕೆಲವು ಕಡೆ ಯಾರೋ ಹಾಕಿದ ತಂತಿಬೇಲಿ ಸಿಗುತ್ತದೆ. ಗಾಡಿ ನಿಂತಿತು, ಎತ್ತು ಹೋಯಿತು, ಓಡಾಟ ತಪ್ಪಿತು. ಓಡಾಟ ತಪ್ಪಿದ ದಾರಿಯನ್ನು ಪಕ್ಕದ ಹೊಲದವನು ಒಂದೊಂದು ಸಾಲಾಗಿ ಉತ್ತುಕೊಂಡ. ಆಮೇಲೆ ಒಳಗಿನ ಹೊಲದ ಬಡವನಿಗೆ ತನ್ನ ಹೊಲಕ್ಕೆ ಹೋಗಲು ದಾರಿಯೇ ಇಲ್ಲವಾಗಿ, ತಾಲ್ಲೂಕು ಕಚೇರಿಗೆ ಅಲೆಯುವಂತಾಯಿತು. ದಾರಿ ಹೋದರೆ ನಷ್ಟ ಸವಾರನೊಬ್ಬನಿಗೇ ಅಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಿಯಾಂಟಿಯ ಜನ ನಮಗೆ ತೋರಿಸಿಕೊಟ್ಟದ್ದು ಇದನ್ನು: ಹಳೆಯ ಉಪಯೋಗ ತೀರಿದ ದಾರಿಗೆ ಹೊಸ ಉಪಯೋಗವೊಂದನ್ನು ಕೊಟ್ಟರೆ ಅದು ಬದುಕಿಕೊಳ್ಳುತ್ತದೆ. ಅದಕ್ಕೆ ದೊಡ್ಡ ಹಣವಾಗಲಿ ಸರ್ಕಾರದ ಯೋಜನೆಯಾಗಲಿ ಬೇಕಿಲ್ಲ. ವಾರಕ್ಕೊಮ್ಮೆ ನಾಲ್ಕು ಸೈಕಲ್ಲುಗಳು ಹಾದುಹೋದರೂ ಅದು ದಾರಿಯೆಂಬುದು ಊರಿಗೆ ನೆನಪಿರುತ್ತದೆ. ಬರುವ ಭಾನುವಾರ ಮನೆಯ ಮಕ್ಕಳನ್ನು ಕರೆದುಕೊಂಡು, ಟೈರಿನ ಗಾಳಿ ತುಸು ಇಳಿಸಿ, ಅಂಥ ಒಂದು ನಕಾಶೆ ದಾರಿಯನ್ನು ಹುಡುಕಿ ಹೊರಡಿ. ದಾರಿಯಲ್ಲಿ ಸಿಕ್ಕ ಮುದುಕರನ್ನು, "ಅಜ್ಜಾ, ಈ ದಾರಿ ಹಿಂದೆ ಎಲ್ಲಿಗೆ ಹೋಗುತ್ತಿತ್ತು?" ಎಂದು ಕೇಳಿ. ನಕ್ಷೆಯಲ್ಲಿ ಇಲ್ಲದ್ದನ್ನೂ ಅವರು ಹೇಳಿಯಾರು.